ನೀಲಗಿರಿಯಲ್ಲಿ ನಾಲ್ಕು ಗಂಟೆಯ ಚಹಾ: ಹೋಂಸ್ಟೇ, ಅತಿಥಿಗೃಹ ನಡೆಸುವವರಿಗೆ ಕೈಪಿಡಿ

ನೀಲಗಿರಿಗೆ ಎರಡು ದಿನದ ಮಟ್ಟಿಗೆ ಬಂದುಹೋಗುವವರ ದೂರುಗಳಲ್ಲಿ ಒಂದು ಪದೇ ಪದೇ ಕೇಳಿಬರುತ್ತದೆ. ಕಣ್ಣು ಹಾಯಿಸಿದಲ್ಲೆಲ್ಲ ಟೀ ತೋಟ, ಆದರೆ ಉಳಿದುಕೊಂಡ ಮನೆಯಲ್ಲಿ ಕೊಟ್ಟ ಟೀ ಮಾತ್ರ ಸಪ್ಪೆ. ಕಾರ್ಖಾನೆಯ ಮಳಿಗೆಯಲ್ಲಿ ರುಚಿ ನೋಡಿ ಕೊಂಡ ಪುಡಿಯೇ ಅಡುಗೆಮನೆಗೆ ಬಂದಮೇಲೆ ಒಮ್ಮೆ ನೀರು ನೀರಾಗುತ್ತದೆ, ಇನ್ನೊಮ್ಮೆ ಕಹಿಯಾಗುತ್ತದೆ. ಅಡುಗೆಯವರನ್ನು ಬದಲಿಸಿದರೂ ಇನ್ನೂ ದುಬಾರಿ ಪುಡಿ ತರಿಸಿದರೂ ಇದು ಸರಿಹೋಗುವುದಿಲ್ಲ. ಬೆಟ್ಟದ ಮೇಲೆ ನೀರು ಕುದಿಯುವ ಬಗೆ, ಎಲೆಯ ಆಯ್ಕೆ, ಬಡಿಸುವ ಹೊತ್ತು ಈ ಮೂರನ್ನು ಸರಿಪಡಿಸಿಕೊಂಡರೆ ಸಾಧಾರಣ ಅಡುಗೆಮನೆಯಿಂದಲೂ ಒಳ್ಳೆಯ ಚಹಾ ಬರುತ್ತದೆ.

ಮಧ್ಯಾಹ್ನದ ಚಹಾ ಇಂಗ್ಲೆಂಡಿನಲ್ಲಿ 1840ರ ದಶಕದಲ್ಲಿ, ರಾತ್ರಿಯ ಊಟ ತಡವಾಗತೊಡಗಿದಾಗ, ನಡುವಿನ ಹಸಿವಿಗೆಂದು ರೂಢಿಗೆ ಬಂತು. ಬೆಡ್‌ಫರ್ಡ್‌ನ ಡಚೆಸ್ ಆನಾ ಇದನ್ನು ಆರಂಭಿಸಿದರೆಂದು ಹೇಳುವುದು ವಾಡಿಕೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನೀಲಗಿರಿಗೆ ಚಹಾ ಗಿಡವೂ ಬಂತು. 1830ರ ದಶಕದಲ್ಲಿ ಕೇತಿ ಕಣಿವೆಯಲ್ಲಿ ಪ್ರಾಯೋಗಿಕವಾಗಿ ನೆಟ್ಟರು. ವ್ಯಾಪಾರಕ್ಕಾಗಿ ತೋಟಗಳು ಎದ್ದದ್ದು 1860ರ ಆಸುಪಾಸಿನಲ್ಲಿ. ಇಂದು ದೊಡ್ಡ ಎಸ್ಟೇಟುಗಳ ಜೊತೆಗೆ ಸಾವಿರಾರು ಸಣ್ಣ ಬೆಳೆಗಾರರು ಇಲ್ಲಿ ಎಲೆ ಬೆಳೆಯುತ್ತಾರೆ. ಅವರಲ್ಲಿ ಬಹಳಷ್ಟು ಮಂದಿ ಬಡಗರು. ಕನ್ನಡಕ್ಕೆ ತೀರಾ ಹತ್ತಿರದ ನುಡಿಯಾಡುವ ಈ ಜನರ ಹಟ್ಟಿಗಳಲ್ಲಿ ಮನೆಯ ಅಂಗಳಕ್ಕೇ ತೋಟ ತಾಗಿಕೊಂಡಿರುತ್ತದೆ.

ನೀರು ಎಲ್ಲಿ, ಎಷ್ಟಕ್ಕೆ ಕುದಿಯುತ್ತದೆ

ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಮಟ್ಟ ಇಳಿಯುತ್ತದೆ. ಉದಕಮಂಡಲ, ಅಂದರೆ ಊಟಿ, ಸುಮಾರು 2240 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 92–93 ಡಿಗ್ರಿಗೇ ಕುದಿಯುತ್ತದೆ. ಸುಮಾರು 1850 ಮೀಟರ್ ಎತ್ತರದ ಕೂನೂರಿನಲ್ಲಿ ಇದು 94 ಡಿಗ್ರಿ. ಗೂಡಲೂರು ಮತ್ತು ಮಸಿನಗುಡಿ ಸಾವಿರ ಮೀಟರಿನ ಆಸುಪಾಸಿನಲ್ಲಿರುವುದರಿಂದ ಅಲ್ಲಿ 96–97 ಡಿಗ್ರಿ. ಬೆಂಗಳೂರಿನ ಮಟ್ಟವೂ ಬಹುತೇಕ ಇದೇ. ಹಾಗಾಗಿ ಬೆಂಗಳೂರಿನ ಅಡುಗೆಯವರು ಮಸಿನಗುಡಿಗೆ ಬಂದು ಮಾಡಿದ ಟೀ ಎಂದಿನಂತೆ ಬರುತ್ತದೆ, ಅದೇ ಕೈ ಊಟಿಯಲ್ಲಿ ಎಡವುತ್ತದೆ.

ನಾಲ್ಕೈದು ಡಿಗ್ರಿಯ ವ್ಯತ್ಯಾಸ ಚಿಕ್ಕದೆಂದು ತೋರಬಹುದು. ಆದರೆ ಕಪ್ಪು ಚಹಾದ ಬಣ್ಣ, ಒಗರು, ಪರಿಮಳ ಎಲೆಯಿಂದ ನೀರಿಗೆ ಇಳಿಯುವ ವೇಗ ಬಿಸಿಯನ್ನೇ ಅವಲಂಬಿಸಿದೆ. ಮೇಲಾಗಿ, ಕುದಿಯುವಾಗಲೇ ಕಡಿಮೆ ಇದ್ದ ಬಿಸಿ ಪಾತ್ರೆಗೆ ಸುರಿದೊಡನೆ ಇನ್ನಷ್ಟು ಇಳಿಯುತ್ತದೆ. ಡಿಸೆಂಬರಿನ ಊಟಿಯಲ್ಲಿ ಬಿಸಿಲು ಬೀಳದ ಅಡುಗೆಮನೆ 12–14 ಡಿಗ್ರಿಯಲ್ಲಿರುತ್ತದೆ. ಕಪಾಟಿನಿಂದ ತೆಗೆದ ದಪ್ಪ ಪಿಂಗಾಣಿ ಕೆಟಲೂ ಅಷ್ಟೇ ತಣ್ಣಗಿರುತ್ತದೆ. 92 ಡಿಗ್ರಿಯ ನೀರನ್ನು ಅದಕ್ಕೆ ನೇರವಾಗಿ ಸುರಿದರೆ ಎರಡು ನಿಮಿಷದೊಳಗೆ ಅದು 80ರ ಆಸುಪಾಸಿಗೆ ಬಂದಿರುತ್ತದೆ. ಹಸಿರು ಚಹಾಕ್ಕೆ ಆ ಬಿಸಿ ಸಾಕು, ಕಪ್ಪು ಚಹಾಕ್ಕೆ ಸಾಲದು. ಬಣ್ಣ ಬರಲಿಲ್ಲವೆಂದು ಎಲೆಯನ್ನು ಮತ್ತೆ ಒಲೆಯ ಮೇಲಿಟ್ಟು ಕುದಿಸಿದಾಗ ಕಹಿ ಇಳಿಯುತ್ತದೆ. ಸಪ್ಪೆ ಮತ್ತು ಕಹಿ ಎಂಬ ಎರಡು ದೂರುಗಳಿಗೂ ಬೇರು ಒಂದೇ.

ಉರಿ ಜೋರು ಮಾಡಿದರೆ ನೀರು ಬೇಗ ಆವಿಯಾಗುತ್ತದೆಯೇ ಹೊರತು ಹೆಚ್ಚು ಬಿಸಿಯಾಗುವುದಿಲ್ಲ. ಇರುವ ಬಿಸಿಯನ್ನು ಕಾಪಾಡಿಕೊಂಡು, ಎಲೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡುವುದೇ ದಾರಿ.

ಎಲೆಯ ಆಯ್ಕೆ

ನೀಲಗಿರಿಯಲ್ಲಿ ಎರಡು ಬಗೆಯ ಕಪ್ಪು ಚಹಾ ತಯಾರಾಗುತ್ತದೆ. ಸಿ.ಟಿ.ಸಿ. ಎಂಬುದು ಹಲ್ಲುಳ್ಳ ಉರುಳೆಗಳ ನಡುವೆ ಎಲೆಯನ್ನು ಜಜ್ಜಿ ಹರಿದು ಮಾಡಿದ ಸಣ್ಣ ಕಾಳು. ಬಣ್ಣ ಬೇಗ ಬಿಡುತ್ತದೆ, ಹಾಲು ಸಕ್ಕರೆಗೆ ಎದುರು ನಿಲ್ಲುತ್ತದೆ, ಬೆಲೆಯೂ ಕಡಿಮೆ. ಆರ್ಥಡಾಕ್ಸ್ ಚಹಾದಲ್ಲಿ ಎಲೆಯನ್ನು ಬಾಡಿಸಿ, ಹೊಸೆದು, ಹದವಾಗಿ ಕಪ್ಪಾಗಿಸಿ ಒಣಗಿಸುತ್ತಾರೆ. ಎಲೆ ಉದ್ದುದ್ದ ಎಳೆಯಾಗಿ ಕಾಣುತ್ತದೆ, ಹೂವಿನಂಥ ತೆಳು ಪರಿಮಳ ಇರುತ್ತದೆ, ಹಾಲಿಲ್ಲದೆ ಕುಡಿಯಲು ಇದೇ ಸರಿ. ‘ನೀಲಗಿರಿ ಆರ್ಥಡಾಕ್ಸ್’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ, ಇಬ್ಬನಿ ಹೆಪ್ಪುಗಟ್ಟುವ ಚಳಿಯಲ್ಲಿ ಚಿಗುರು ನಿಧಾನವಾಗಿ ಬೆಳೆಯುವುದರಿಂದ ಆ ತಿಂಗಳುಗಳ ಎಲೆಗೆ ಪರಿಮಳ ಹೆಚ್ಚು. ಅತಿಥಿಗೆ ಊರಿನ ಹೆಮ್ಮೆಯನ್ನು ಒಂದು ಕಪ್ಪಿನಲ್ಲಿ ತೋರಿಸಬೇಕಾದರೆ ಇದಕ್ಕಿಂತ ಒಳ್ಳೆಯದು ಬೇರೆ ಸಿಗದು.

ಮನೆಯಲ್ಲಿ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಗುಂಡ್ಲುಪೇಟೆ, ಮೈಸೂರು ಕಡೆಯಿಂದ ಬಂದ ಕುಟುಂಬದಲ್ಲಿ ಅಜ್ಜಿಗೆ ಶುಂಠಿ ಹಾಕಿದ ಹಾಲಿನ ಟೀ ಬೇಕಾದರೆ ಮೊಮ್ಮಗಳಿಗೆ ಹಾಲಿಲ್ಲದ್ದು ಬೇಕಾಗಬಹುದು. ಒಂದೇ ಪುಡಿಯಿಂದ ಎರಡನ್ನೂ ಮಾಡಹೊರಟರೆ ಎರಡೂ ಕೆಡುತ್ತವೆ.

ಕೊಳ್ಳುವಾಗ ಪೊಟ್ಟಣದ ಮೇಲೆ ಬಗೆ ಮತ್ತು ಪ್ಯಾಕ್ ಮಾಡಿದ ತಿಂಗಳು ಇರಬೇಕು. ತಮಿಳುನಾಡು ಸರ್ಕಾರದ ಟಾನ್‌ಟೀ, ಸಣ್ಣ ಬೆಳೆಗಾರರ ಸಹಕಾರಿ ಕಾರ್ಖಾನೆಗಳ ಒಕ್ಕೂಟವಾದ ಇಂಡ್ಕೋಸರ್ವ್ ಎರಡಕ್ಕೂ ಜಿಲ್ಲೆಯಲ್ಲಿ ಮಳಿಗೆಗಳಿವೆ. ಪ್ರವಾಸಿಗರಿಗೆಂದೇ ಮಾರುವ ಚಾಕೊಲೇಟ್ ಟೀ, ಏಲಕ್ಕಿ ಟೀಗಳಲ್ಲಿ ಮೇಲಿನಿಂದ ಸೇರಿಸಿದ ವಾಸನೆಯೇ ಮುಂದಾಗಿ ಎಲೆಯ ಗುಣ ತಿಳಿಯುವುದಿಲ್ಲ. ಬಿಡಿಯಾಗಿ ಕೊಂಡ ಪುಡಿಯಲ್ಲಿ ಬಣ್ಣ ಬೆರೆಸಿದ ಅನುಮಾನವಿದ್ದರೆ ಸೋಸುಕಾಗದದ ಮೇಲೆ ಚಿಟಿಕೆ ಪುಡಿ ಹರಡಿ ತಣ್ಣೀರು ಚಿಮುಕಿಸಿ, ಸ್ವಲ್ಪ ಹೊತ್ತಿನ ನಂತರ ಪುಡಿಯನ್ನು ತೊಳೆದುಹಾಕಿ ಕಾಗದ ನೋಡಬೇಕು. ಅಪ್ಪಟ ಪುಡಿಯ ಕಲೆ ಕಂಡೂ ಕಾಣದಂತಿರುತ್ತದೆ, ಬಣ್ಣ ಬೆರೆಸಿದ್ದು ಢಾಳಾದ ಕಲೆ ಉಳಿಸುತ್ತದೆ.

ಪುಡಿಯನ್ನು ಇಡುವ ಜಾಗದ ಬಗ್ಗೆ ಇಲ್ಲಿ ಹೆಚ್ಚು ಜಾಗ್ರತೆ ಬೇಕು. ಚಹಾ ಎಲೆ ಸುತ್ತಲಿನ ತೇವವನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗೂಡಲೂರಿನ ಮಳೆಯಲ್ಲಿ ತೆರೆದಿಟ್ಟ ಪೊಟ್ಟಣ ಕೆಲವೇ ದಿನಗಳಲ್ಲಿ ಮೆತ್ತಗಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ನೀಲಗಿರಿ ಎಣ್ಣೆಯ ಸೀಸೆ ಇರುವ ಕಪಾಟಿನಲ್ಲಿ ಪುಡಿ ಇಡುವುದು. ಆ ಘಾಟು ಎಲೆಗೆ ಹತ್ತಿದರೆ ಹೋಗಿಸಲಾಗದು. ಬಿಗಿ ಮುಚ್ಚಳದ ತಗಡಿನ ಡಬ್ಬಿ, ಒಲೆಯಿಂದ ದೂರದ ಒಣ ಜಾಗ ಇವಿಷ್ಟು ಸಾಕು.

ಆರ್ಥಡಾಕ್ಸ್ ಚಹಾ ಮಾಡುವ ಕ್ರಮ

1. ಆಗಷ್ಟೇ ಹಿಡಿದ ನೀರನ್ನು ಬಳಸಬೇಕು. ಬೆಳಗಿನಿಂದ ಗೀಸರಿನಲ್ಲೋ ಫ್ಲಾಸ್ಕಿನಲ್ಲೋ ಇದ್ದ ನೀರು ಬೇಡ. ನಲ್ಲಿ ನೀರಿಗೆ ಕ್ಲೋರಿನ್ ವಾಸನೆಯಿದ್ದರೆ ಹಿಂದಿನ ರಾತ್ರಿಯೇ ಅಗಲ ಬಾಯಿಯ ಪಾತ್ರೆಯಲ್ಲಿ ಹಿಡಿದು, ತೆಳುಬಟ್ಟೆ ಮುಚ್ಚಿಡಬೇಕು.

2. ಕೆಟಲಿಗೆ ಅರ್ಧದಷ್ಟು ಕುದಿನೀರು ಹಾಕಿ ಎರಡು ನಿಮಿಷ ಬಿಟ್ಟು ಚೆಲ್ಲಬೇಕು. ಕಪ್ಪುಗಳನ್ನೂ ಹೀಗೆಯೇ ಬೆಚ್ಚಗೆ ಮಾಡಿಕೊಳ್ಳಬೇಕು. ಊಟಿ, ಕೂನೂರು, ಕೋಟಗಿರಿಗಳಲ್ಲಿ ಈ ಒಂದು ಹಂತ ಬಿಟ್ಟುಹೋದರೆ ಮುಂದಿನದೆಲ್ಲ ವ್ಯರ್ಥ. ಮಸಿನಗುಡಿಯ ಬೇಸಿಗೆಯಲ್ಲಿ ಬಿಟ್ಟರೂ ನಡೆಯುತ್ತದೆ.

3. ಒಂದು ಕಪ್ಪಿಗೆ, ಅಂದರೆ ಸುಮಾರು 150 ಮಿಲಿಲೀಟರ್ ನೀರಿಗೆ, ಎರಡೂವರೆ ಗ್ರಾಂ ಎಲೆ. ಉದ್ದೆಳೆಯ ಎಲೆ ಹಗುರ, ಜಾಗ ಹೆಚ್ಚು ತಿನ್ನುತ್ತದೆ. ಹೀಗಾಗಿ ಚಮಚದ ಅಳತೆ ಒಂದೊಂದು ಎಲೆಗೆ ಒಂದೊಂದಾಗುತ್ತದೆ. ಹೊಸ ಪೊಟ್ಟಣ ಒಡೆದಾಗ ಒಮ್ಮೆ ಸಣ್ಣ ತಕ್ಕಡಿಯಲ್ಲಿ ತೂಗಿ, ಎಷ್ಟು ಚಮಚವೆಂದು ಡಬ್ಬಿಯ ಮೇಲೆ ಬರೆದಿಟ್ಟುಕೊಂಡರೆ ಅಡುಗೆಯವರು ಬದಲಾದರೂ ರುಚಿ ಬದಲಾಗದು.

4. ಕೆಟಲನ್ನೇ ಒಲೆಯ ಹತ್ತಿರ ಒಯ್ದು, ನೀರು ಕುದಿಯುತ್ತಿರುವಾಗಲೇ ಎಲೆಯ ಮೇಲೆ ಸುರಿಯಬೇಕು. ಕುದಿನೀರನ್ನು ಜಗ್ಗಿನಲ್ಲಿ ಊಟದ ಕೋಣೆಗೆ ಒಯ್ದು ಅಲ್ಲಿ ಸುರಿಯುವ ಪದ್ಧತಿ ನೋಡಲು ಚೆಂದ, ಆದರೆ ಬೆಟ್ಟದಲ್ಲಿ ಅದಕ್ಕೆ ಬೇಕಾದ ಬಿಸಿ ಕೈಯಲ್ಲಿರುವುದಿಲ್ಲ.

5. ಮುಚ್ಚಳ ಹಾಕಿ, ದಪ್ಪ ಬಟ್ಟೆಯ ಕವಚ ತೊಡಿಸಿ ಬಿಡಬೇಕು. ಮಸಿನಗುಡಿ, ಗೂಡಲೂರಿನಲ್ಲಿ ಮೂರೂವರೆ ನಿಮಿಷ, ಊಟಿಯಲ್ಲಿ ನಾಲ್ಕೂವರೆಯಿಂದ ಐದು. ಅಂದಾಜು ಬೇಡ, ಫೋನಿನ ಗಡಿಯಾರ ಇಟ್ಟುಕೊಳ್ಳಬೇಕು.

6. ಹೊತ್ತು ಮುಗಿದೊಡನೆ ಪೂರ್ತಿ ಸೋಸಿ, ಬೆಚ್ಚಗಿರುವ ಎರಡನೆಯ ಕೆಟಲಿಗೆ ಬಗ್ಗಿಸಬೇಕು. ಎಲೆ ನೀರಿನಲ್ಲೇ ಉಳಿದರೆ ಮೊದಲ ಕಪ್ಪು ಚೆನ್ನಾಗಿದ್ದು ಎರಡನೆಯದು ಬಾಯಿಗಿಡಲಾಗದಷ್ಟು ಒಗರಾಗುತ್ತದೆ.

7. ಹಾಲು, ಸಕ್ಕರೆ, ನಿಂಬೆ ಬೇರೆ ಬೇರೆ ಇಡಬೇಕು. ಹಾಲನ್ನು ಉಗುರುಬೆಚ್ಚಗೆ ಮಾಡಿರಬೇಕು. ಫ್ರಿಜ್ಜಿನ ಹಾಲು ಎರಡು ಚಮಚ ಬಿದ್ದರೂ ಊಟಿಯ ಚಳಿಯಲ್ಲಿ ಕಪ್ಪು ಆರಿಹೋಗುತ್ತದೆ.

ಹಾಲಿನ ಟೀ, ಐಸ್ ಟೀ

ಹಾಲಿನ ಟೀಗೆ ಎತ್ತರದ ತೊಂದರೆ ಕಡಿಮೆ, ಏಕೆಂದರೆ ಪುಡಿ ಒಲೆಯ ಮೇಲೇ ಇದ್ದು ಬಿಸಿ ಇಳಿಯುವುದಿಲ್ಲ. ಸಿ.ಟಿ.ಸಿ. ಪುಡಿಯನ್ನು ನೀರಿಗೆ ಹಾಕಿ, ಬಯಲುಸೀಮೆಯಲ್ಲಿ ಎರಡು ನಿಮಿಷ ಕುದಿಸುವ ಕಡೆ ಊಟಿಯಲ್ಲಿ ಮೂರು ನಿಮಿಷ ಕುದಿಸಿ, ಆಮೇಲೆ ಕಾಯಿಸಿದ ಹಾಲು ಸೇರಿಸಿ ಒಂದು ಉಕ್ಕು ಬರಿಸಿದರೆ ಆಯಿತು. ಹಸಿಶುಂಠಿಯನ್ನು ನೀರಿನಲ್ಲೇ ಮೊದಲು ಕುದಿಸಬೇಕು. ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವವಿದೆ, ಕುದಿದಾಗ ಅದು ನಿಷ್ಕ್ರಿಯವಾಗುತ್ತದೆ. ಹಾಲಿಗೇ ಜಜ್ಜಿ ಹಾಕಿದಾಗ ಟೀ ಒಡೆಯುವುದು ಇದರಿಂದಲೇ. ಹತ್ತು ಜನಕ್ಕೆ ಒಮ್ಮೆಲೇ ಮಾಡಿ ಫ್ಲಾಸ್ಕಿಗೆ ತುಂಬಿದ ಹಾಲಿನ ಟೀ ಅರ್ಧ ಗಂಟೆಯಲ್ಲಿ ಕಳೆಗುಂದುತ್ತದೆ. ಅತಿಥಿಗಳು ಬಂದು ಕೂತಮೇಲೆ ಮಾಡಿದರೂ ಅವರು ಕಾಯಬೇಕಾದದ್ದು ಎಂಟು ನಿಮಿಷ ಮಾತ್ರ.

ಏಪ್ರಿಲ್, ಮೇ ತಿಂಗಳ ಮಸಿನಗುಡಿಯಲ್ಲಿ ನಾಲ್ಕು ಗಂಟೆಗೂ ಬಿಸಿಲು ಚುರುಗುಟ್ಟುತ್ತಿರುತ್ತದೆ. ಅಲ್ಲಿ ಐಸ್ ಟೀ ಕೊಡಬಹುದು. ನೀಲಗಿರಿಯ ಆರ್ಥಡಾಕ್ಸ್ ಚಹಾ ತಣ್ಣಗಾದರೂ ಹಲವು ಕಡೆಯ ಚಹಾಗಳಂತೆ ಕದಡದೆ ತಿಳಿಯಾಗಿ ಉಳಿಯುತ್ತದೆಂಬುದು ವ್ಯಾಪಾರಸ್ಥರು ಮೆಚ್ಚುವ ಗುಣ. ಎಲೆಯನ್ನು ಇಮ್ಮಡಿ ಹಾಕಿ, ಅಷ್ಟೇ ಹೊತ್ತು ಬಿಟ್ಟು ಸೋಸಿ, ಲೋಟದ ತುಂಬ ಐಸಿನ ಮೇಲೆ ಸುರಿಯಬೇಕು.

ಜೊತೆಗೆ ತಿನ್ನಲು

ದೊಡ್ಡ ಹೋಟೆಲುಗಳ ಮೂರಂತಸ್ತಿನ ತಟ್ಟೆಯನ್ನು ನಾಲ್ಕು ಕೋಣೆಯ ಮನೆ ಅನುಕರಿಸಬೇಕಾಗಿಲ್ಲ. ಗರಿಗರಿಯಾದದ್ದು ಒಂದು, ಬಿಸಿಯಾದದ್ದು ಒಂದು, ಸಿಹಿ ಒಂದು ಇದ್ದರೆ ಸಾಕು, ಮೂರೂ ಈ ಊರಿನದ್ದಾಗಿದ್ದರೆ ಇನ್ನೂ ಒಳ್ಳೆಯದು.

ಗರಿಗರಿಗೆ ಊಟಿಯ ವರ್ಕಿಯನ್ನು ಮೀರಿಸುವಂಥದ್ದಿಲ್ಲ. ಮೈದಾ ಹಿಟ್ಟನ್ನು ಪದರ ಪದರವಾಗಿ ಮಡಚಿ ಸೌದೆ ಒಲೆಯಲ್ಲಿ ಸುಟ್ಟ ಇದು ಒರಟು ಮೈಯ, ಹೊರಗೆ ಗಟ್ಟಿ, ಒಳಗೆ ಪುಡಿಪುಡಿಯಾಗುವ ತಿಂಡಿ. ಸಿಹಿ ಅಲ್ಪವೇ ಇರುವುದರಿಂದ ಚಹಾದ ಪರಿಮಳಕ್ಕೆ ಅಡ್ಡ ಬರುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದರೆ ಸಣ್ಣ ಉರಿಯ ಹೆಂಚಿನ ಮೇಲೆ ಐದು ನಿಮಿಷ ಮುಚ್ಚಿಟ್ಟು, ಆರಿದಮೇಲೆ ಬಡಿಸಬೇಕು. ಬಿಸಿಯಾದದ್ದಕ್ಕೆ ಮೆಣಸಿನಕಾಯಿ ಬಜ್ಜಿ ಅಥವಾ ಊಟಿ ಆಲೂಗಡ್ಡೆಯ ಬೋಂಡ. ಕುದಿಯುವ ಬಿಸಿ ಕಡಿಮೆಯಾದ್ದರಿಂದ ಆಲೂಗಡ್ಡೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಿದರೆ ನಡು ಗಟ್ಟಿ ಉಳಿಯುತ್ತದೆ, ಕುಕ್ಕರೇ ಬೇಕು. ಕರಿಯುವಾಗ ಉರಿ ಸ್ವಲ್ಪ ತಗ್ಗಿಸದಿದ್ದರೆ ಹೊರಮೈ ಕೆಂಪಾಗಿ ಒಳಗೆ ಹಸಿಯಾಗಿರುತ್ತದೆ. ಸಿಹಿಗೆ ಕ್ಯಾರೆಟ್ ಕೇಕ್ ಮಾಡುವವರು ಒಂದನ್ನು ತಿಳಿದಿರಬೇಕು. ಒತ್ತಡ ಕಡಿಮೆಯಿರುವಲ್ಲಿ ಕೇಕು ಬೇಗ ಉಬ್ಬಿ, ಗಟ್ಟಿಯಾಗುವ ಮೊದಲೇ ನಡುವೆ ಕುಸಿಯುತ್ತದೆ. ಬಯಲುಸೀಮೆಯ ಅಳತೆಯಲ್ಲಿ ಬೇಕಿಂಗ್ ಪೌಡರನ್ನು ಕಾಲು ಭಾಗ ಕಡಿಮೆ ಮಾಡಿ, ಹಾಲನ್ನು ಎರಡು ಮೂರು ಚಮಚ ಹೆಚ್ಚಿಸಿದರೆ ಊಟಿಯಲ್ಲಿ ಸರಿಹೋಗುತ್ತದೆ. ಬಡಗರ ಮನೆಗಳಲ್ಲಿ ಹಬ್ಬ ಮದುವೆಗಳಿಗೆ ಮಾಡುವ, ಮೈದಾ ಸಕ್ಕರೆಯ ಕರಿದ ತುಪ್ಪದಿಟ್ಟನ್ನು ಮಾಡಬಲ್ಲವರು ಹತ್ತಿರದಲ್ಲಿದ್ದರೆ ಕೇಕಿನ ಯೋಚನೆಯನ್ನೇ ಬಿಡಬಹುದು. ಬೇಸಿಗೆಯಲ್ಲಿ ಇಲ್ಲಿನ ಪ್ಲಮ್ ಹಣ್ಣಿನ ಜಾಮ್ ಕೂಡ ಒಳ್ಳೆಯದು.

ಹೊತ್ತು

ಕಡಿಮೆ ದಿನದ ಪ್ರವಾಸದಲ್ಲಿ ಚಹಾದ ಹೊತ್ತೇ ದಿನದ ಕಂಬ. ಪ್ರವಾಸಿ ಹಡಗುಗಳು ಇದನ್ನು ಚೆನ್ನಾಗಿ ಅರಿತಿವೆ. ಕುನಾರ್ಡ್ ಕಂಪನಿಯ ಹಡಗುಗಳಲ್ಲಿ ಮಧ್ಯಾಹ್ನ ಮೂರೂವರೆಯ ಚಹಾ ಹಳೆಯ ಸಂಪ್ರದಾಯ. ಗಂಟೆ ಗೊತ್ತುಮಾಡಿದ್ದರಿಂದ ಅಡುಗೆಮನೆ ಸಿದ್ಧವಾಗಿರುತ್ತದೆ, ರಾತ್ರಿಯ ಊಟಕ್ಕೆ ಹಸಿವೂ ಉಳಿಯುತ್ತದೆ. ಎರಡು ರಾತ್ರಿ ಉಳಿಯುವ ಅತಿಥಿಗೆ ನೀಲಗಿರಿಯಲ್ಲಿ ನೆಮ್ಮದಿಯ ಮಧ್ಯಾಹ್ನ ಸಿಗುವುದು ಒಂದೇ ಒಂದು. ದೊಡ್ಡಬೆಟ್ಟ, ಬೊಟಾನಿಕಲ್ ಗಾರ್ಡನ್, ದೋಣಿಮನೆ ಸುತ್ತಿ ಬರುವವರಿಗೆ ನಾಲ್ಕು ಗಂಟೆಗೆ ಚಹಾ ಎಂದು ಬೆಳಗ್ಗೆಯೇ ತಿಳಿಸಿದರೆ ಅವರು ಅದಕ್ಕೆ ತಕ್ಕಂತೆ ಹಿಂದಿರುಗುತ್ತಾರೆ. ಐದೂವರೆಗೆ ಬಜ್ಜಿ ಬೋಂಡ ತಿಂದವರು ಎಂಟಕ್ಕೆ ಊಟ ಮಾಡುವುದಿಲ್ಲ, ಮಾಡಿದ ಅಡುಗೆ ಉಳಿಯುತ್ತದೆ.

ಹೊರಡುವ ದಿನದ ಲೆಕ್ಕ ಬೇರೆ. ಮುದುಮಲೆ ಮತ್ತು ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತದೆ. ಊಟಿಯಿಂದ ಗೂಡಲೂರಿನ ಮೇಲೆ ಮೈಸೂರಿಗೆ ಹೋಗುವವರಿಗೆ ಮೂರು ಗಂಟೆಗೇ ಚಹಾ ಕೊಟ್ಟು ನಾಲ್ಕರೊಳಗೆ ಬೀಳ್ಕೊಡುವುದು ಒಳಿತು. ಘಾಟಿಯಲ್ಲಿ ಮಂಜು ಬಿದ್ದರೂ ಆಗ ಧಾವಂತವಿರುವುದಿಲ್ಲ. ದಾರಿಗೆ ಫ್ಲಾಸ್ಕಿನಲ್ಲಿ ಟೀ ಕೊಟ್ಟರೆ, ಅಭಯಾರಣ್ಯದೊಳಗೆ ವಾಹನ ನಿಲ್ಲಿಸಿ ಕುಡಿಯುವುದು ನಿಷಿದ್ಧವೆಂದು ಹೇಳಿಯೇ ಕೊಡಬೇಕು.

ಎಚ್ಚರಿಕೆ

ತೆರೆದ ಹುಲ್ಲುಹಾಸಿನಲ್ಲಿ ಚಹಾದ ಮೇಜು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಇದು ಕಾಡಂಚಿನ ಜಿಲ್ಲೆ. ಮಂಗಗಳು ಬ್ರೆಡ್ಡು ಬಾಳೆಹಣ್ಣಿಗೆ ಹಾರುತ್ತವೆ, ಮಕ್ಕಳ ಕೈಯಿಂದ ಕಸಿಯುವಾಗ ಪರಚುತ್ತವೆ. ಕೂನೂರು, ಕೋಟಗಿರಿ ಕಡೆ ಟೀ ತೋಟಗಳಲ್ಲಿ ಕಾಟಿಗಳು ಹಗಲಲ್ಲೇ ಮೇಯುತ್ತವೆ, ಕರಡಿಗಳು ಎಣ್ಣೆ ಸಿಹಿಯ ವಾಸನೆ ಹಿಡಿದು ಮನೆ ಅಂಗಡಿಗಳತನಕ ಬರುತ್ತವೆ. ಮಸಿನಗುಡಿಯಲ್ಲಿ ಆನೆಯ ಓಡಾಟವಿದೆ. ಆದ್ದರಿಂದ ಮೇಜನ್ನು ಗೋಡೆಗೆ ತಾಗಿದ ಜಗಲಿಯಲ್ಲೇ ಹಾಕಬೇಕು. ಕತ್ತಲಾಗುವ ಮೊದಲೇ, ಐದೂವರೆಯೊಳಗೆ ತಟ್ಟೆಗಳನ್ನು ಒಳಗೆ ತೆಗೆಯಬೇಕು. ಹಣ್ಣಿನ ಸಿಪ್ಪೆ, ಉಳಿದ ತಿಂಡಿ ಬಿಗಿ ಮುಚ್ಚಳದ ತೊಟ್ಟಿಗೆ ಹೋಗಬೇಕು. ಫೋಟೋ ತೆಗೆಯಲೆಂದು ಮಂಗಕ್ಕೆ ಬಿಸ್ಕತ್ತು ಹಾಕುವ ಅತಿಥಿಯನ್ನು ಸಂಕೋಚಪಡದೆ ತಡೆಯಬೇಕು. ಒಬ್ಬರು ಹಾಕಿದ ಬಿಸ್ಕತ್ತಿಗೆ ಮುಂದೆ ಬರುವವರೆಲ್ಲ ಕಾಟ ಅನುಭವಿಸುತ್ತಾರೆ.

ನೀಲಗಿರಿಯಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ಪ್ಲಾಸ್ಟಿಕ್ ಕಪ್ಪು, ಸ್ಟ್ರಾ, ಸಣ್ಣ ನೀರಿನ ಬಾಟಲಿ ಇಡುವಂತಿಲ್ಲ. ಪಿಂಗಾಣಿ, ಗಾಜು, ಸ್ಟೀಲು ಸಾಕು. ಹಣ ಪಡೆದು ತಿಂಡಿ ಚಹಾ ಕೊಡುವ ಮನೆಗೆ ಆಹಾರ ಸುರಕ್ಷತಾ ನೋಂದಣಿಯೂ ಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸಪ್ಪೆಯಾಯಿತೆಂದು ಎಲೆಯನ್ನು ಒಂದೇ ಸಮನೆ ಹೆಚ್ಚಿಸುತ್ತ ಹೋಗುವುದು ಮೊದಲ ತಪ್ಪು. ಹೊತ್ತು ಮತ್ತು ಬಿಸಿ ಸರಿಯಿಲ್ಲದಿದ್ದರೆ ಎಲೆ ಹೆಚ್ಚಿಸಿದಷ್ಟೂ ಖರ್ಚಷ್ಟೇ ಏರುತ್ತದೆ. ಆರ್ಥಡಾಕ್ಸ್ ಎಲೆಯನ್ನು ಹಾಲಿನೊಂದಿಗೆ ಕುದಿಸುವುದು ಎರಡನೆಯದು. ಸೋಸಿದ ಎಲೆಗೆ ಮತ್ತೆ ನೀರು ಸುರಿದು ಎರಡನೆಯ ಸುತ್ತು ಕೊಡುವವರೂ ಇದ್ದಾರೆ. ಐದು ನಿಮಿಷ ನೆನೆದ ಕಪ್ಪು ಚಹಾದಲ್ಲಿ ಎರಡನೆಯ ಸುತ್ತಿಗೆ ಉಳಿಯುವುದು ಬಣ್ಣ ಮತ್ತು ಒಗರು, ಪರಿಮಳವಲ್ಲ. ಕೋಣೆಯಲ್ಲಿ ಕರೆಂಟ್ ಕೆಟಲ್ ಮತ್ತು ಟೀ ಬ್ಯಾಗ್ ಇಟ್ಟು ಕೈತೊಳೆದುಕೊಳ್ಳುವುದು ಈಗ ಹೆಚ್ಚಾಗಿದೆ. ಬೆಳಗಿನ ಜಾವಕ್ಕೆ ಅದು ಇರಲಿ, ನಾಲ್ಕು ಗಂಟೆಗೆ ಬೇಡ. ಕಪ್ಪು ಆರುವಷ್ಟು ಹೊತ್ತು ತಿಂಡಿಗೆ ಕಾಯಿಸುವುದೂ ಸಾಮಾನ್ಯ. ತಿಂಡಿ ಮೊದಲು ಮೇಜಿಗೆ ಬರಬೇಕು, ಚಹಾ ಆಮೇಲೆ.

ಖರ್ಚಿಗೆ ಅಂಜಿ ಅಗ್ಗದ ಪುಡಿ ತರುವುದಂತೂ ಲೆಕ್ಕ ತಿಳಿಯದ್ದರಿಂದ ಆಗುವ ತಪ್ಪು. ಕಪ್ಪಿಗೆ ಎರಡೂವರೆ ಗ್ರಾಂ ಎಂದರೆ 250 ಗ್ರಾಂ ಪೊಟ್ಟಣಕ್ಕೆ 100 ಕಪ್ಪು. ಕಿಲೋಗೆ 1000 ರೂಪಾಯಿಯ ಆರ್ಥಡಾಕ್ಸ್ ತಂದರೂ ಕಪ್ಪಿಗೆ ಬೀಳುವ ಎಲೆಯ ಬೆಲೆ ಎರಡೂವರೆ ರೂಪಾಯಿ, ಪಕ್ಕದಲ್ಲಿಡುವ ಬಜ್ಜಿಯ ಎಣ್ಣೆ ಹಿಟ್ಟಿಗೆ ಅದಕ್ಕಿಂತ ಹೆಚ್ಚು ಬೀಳುತ್ತದೆ.